ರೊಟ್ಟಿ ಬಡಿಯುವ ಕೈಗೆ ಟೆನ್ನಿಸ್ ಎಲ್ಬೋ

ನಿಮ್ಮ ಮೊಣಕೈ ನೋವಿಗೆ ಟೆನ್ನಿಸ್ ಎಲ್ಬೋ ಅಂತಾರೆ ಅಂದೆ. ‘ನಾ ಯಾವಾಗ ಟೆನ್ನಿಸ್ ಆಡೀನ್ರಿ ಸರ?’ ಅಂದರು ಆ ಅಕ್ಕ. ಕಲಬುರಗಿಯಲ್ಲಿ ಖಾನಾವಳಿ ನಡೆಸುತ್ತಾರೆ. ಬೆಳಗಾದರೆ ಜೋಳದ ಹಿಟ್ಟು ನಾದುವುದು, ರೊಟ್ಟಿ ಬಡಿಯುವುದು. ಎಂಟು ತಿಂಗಳಿಂದ ಬಲ ಮೊಣಕೈ ನೋವು. ಅಂಗೈ ಕೆಳಗೆ ಮಾಡಿ ಈ ಪ್ಲಾಸ್ಟಿಕ್ ಕುರ್ಚಿ ಎತ್ತಿ ಅಂದೆ. ಎತ್ತುವ ಮೊದಲೇ ಬಿಟ್ಟುಬಿಟ್ಟರು.

ಮಣಿಕಟ್ಟನ್ನು ಮೇಲೆತ್ತುವ ಸ್ನಾಯುಗಳು ಮೊಣಕೈಯ ಹೊರಬದಿಯ ಎಲುಬಿಗೆ ಟೆಂಡನ್ ಅನ್ನುವ ಗಟ್ಟಿ ಹುರಿಯ ಮೂಲಕ ಅಂಟಿಕೊಂಡಿರುತ್ತವೆ. ನಾದಿದರೂ, ಬಟ್ಟೆ ಹಿಂಡಿದರೂ, ಸುತ್ತಿಗೆ ಹಿಡಿದರೂ ಎಳೆತ ಬೀಳುವುದು ಅಲ್ಲಿಗೇ. ಬಹಳ ಜನ ಇದನ್ನು ಬಾವು ಅಂದುಕೊಳ್ಳುತ್ತಾರೆ. ತಿಂಗಳುಗಟ್ಟಲೆ ಉಳಿದ ನೋವಿನಲ್ಲಿ ಬಾವಿಗಿಂತ ಆ ಹುರಿಯ ಸವೆತವೇ ಜಾಸ್ತಿ. ಹಾಗಾಗಿಯೇ ಬಾವು ಇಳಿಸುವ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ಹಗುರ ಮಾಡಿ ಕೈಕೊಡುತ್ತದೆ. ವರ್ಷದ ಲೆಕ್ಕದಲ್ಲಿ ಇಂಜೆಕ್ಷನ್ ಹಾಕಿಸಿಕೊಳ್ಳದವರೇ ಹೆಚ್ಚು ಚೆನ್ನಾಗಿದ್ದರು ಅಂತ ಅಧ್ಯಯನಗಳು ತೋರಿಸಿವೆ. ಈ ಅಕ್ಕನಿಗೆ ಆಗಲೇ ಎರಡು ಇಂಜೆಕ್ಷನ್ ಆಗಿತ್ತು.

ಶಾಕ್‌ವೇವ್ ಚಿಕಿತ್ಸೆ ಕೊಡೋಣ ಅಂದಾಗ ‘ಕರೆಂಟ್ ಹಿಡಿಸ್ತೀರೇನ್ರಿ?’ ಅಂತ ಹೆದರಿದರು. ಕರೆಂಟ್ ಅಲ್ಲ, ಒತ್ತಡದ ಅಲೆ. 1980ರಲ್ಲಿ ಮ್ಯೂನಿಕ್‌ನಲ್ಲಿ ಕಿಡ್ನಿ ಕಲ್ಲು ಪುಡಿ ಮಾಡಲು ಬಳಸಿದ ಅಲೆಗಳ ಬಳಗವೇ ಇದು, ಶಕ್ತಿ ಮಾತ್ರ ಬಹಳ ಕಡಿಮೆ. ನಮ್ಮಲ್ಲಿರುವ ಮಶೀನ್‌ನ ಹಿಡಿಕೆಯೊಳಗೆ ಗಾಳಿಯ ಒತ್ತಡದಿಂದ ಚಿಕ್ಕ ಲೋಹದ ತುಂಡೊಂದು ಮುಂದಕ್ಕೆ ಬಡಿಯುತ್ತದೆ. ಟಕಟಕ ಅಂತ ಸದ್ದು. ಜೆಲ್ ಹಚ್ಚಿ, ಬೆರಳಿನಿಂದ ಒತ್ತಿ ನೋವಿರುವ ಜಾಗ ಹುಡುಕಿ, ಅಲ್ಲೇ ಸುಮಾರು 2000 ಬಡಿತ ಕೊಡುತ್ತೇವೆ. ಐದು ನಿಮಿಷದ ಕೆಲಸ. ವಾರಕ್ಕೊಮ್ಮೆ, 3ರಿಂದ 5 ಸಲ. ನೋವಾಗುತ್ತದೆ, ಅದನ್ನು ಮುಚ್ಚಿಡಬಾರದು. ಬಡಿತದ ಜೋರನ್ನು ತಡೆಯುವಷ್ಟಕ್ಕೆ ಇಳಿಸಬಹುದು.

ಇದರಿಂದ ನೋವಿನ ನರ ಮಂಕಾಗುತ್ತದೆ, ನಿಂತುಹೋದ ದುರಸ್ತಿ ಮತ್ತೆ ಶುರುವಾಗುತ್ತದೆ ಅನ್ನುವುದು ಈಗಿನ ತಿಳಿವಳಿಕೆ. ಆದರೆ ಪುರಾವೆ ಒಂದೇ ಬಾಯಲ್ಲಿ ಮಾತಾಡುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2005ರ ಕಾಕ್ರೇನ್ ವಿಮರ್ಶೆಗೆ ಟೆನ್ನಿಸ್ ಎಲ್ಬೋದಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಆಮೇಲಿನ ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಬಹಳ ಜನರಿಗೆ ವರ್ಷದೊಳಗೆ ತಾನಾಗಿಯೇ ಕಡಿಮೆಯಾಗುವ ನೋವಿದು, ಅಲ್ವಾ? ಹಾಗಾಗಿ ಹೊಸ ನೋವಿಗೆ ನಾನು ಮಶೀನ್ ಮುಟ್ಟುವುದಿಲ್ಲ. ಆರು ತಿಂಗಳು ದಾಟಿರಬೇಕು, ವ್ಯಾಯಾಮ ಸರಿಯಾಗಿ ಮಾಡಿಯೂ ಉಳಿದಿರಬೇಕು. ಗರ್ಭಿಣಿಯರಿಗೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ, ಆ ಜಾಗದಲ್ಲಿ ಗಡ್ಡೆ ಅಥವಾ ಸೋಂಕು ಇರುವವರಿಗೆ ಇದು ಬೇಡ.

ಶಾಕ್‌ವೇವ್ ಶುರುವಾದರೂ ವ್ಯಾಯಾಮ ಬಿಡುವಂತಿಲ್ಲ. ಮೇಜಿನ ಮೇಲೆ ಮುಂಗೈ ಇಟ್ಟು, ಅಂಗೈ ಕೆಳಗೆ ಮಾಡಿ, ಅರ್ಧ ಲೀಟರ್ ನೀರಿನ ಬಾಟಲಿ ಹಿಡಿಯಬೇಕು. ಇನ್ನೊಂದು ಕೈಯಿಂದ ಮೇಲೆತ್ತಿ, ನೋವಿರುವ ಕೈಯಿಂದ ಐದು ಎಣಿಸುತ್ತಾ ನಿಧಾನ ಇಳಿಸಬೇಕು. ಹದಿನೈದರಂತೆ ಮೂರು ಸುತ್ತು, ದಿನಾ. ಅಕ್ಕನಿಗೆ ಇನ್ನೊಂದು ಮಾತು ಹೇಳಿದೆ: ಹಿಟ್ಟು ನಾದುವ ಕೆಲಸ ಮೂರು ತಿಂಗಳು ಸೊಸೆಗೆ ಬಿಡಿ, ರೊಟ್ಟಿಗೆ ನಡುನಡುವೆ ಬಿಡುವು ಕೊಡಿ.

ನಾಲ್ಕನೇ ಸಲ ಬಂದಾಗ ಅವರು ನೋವು ಹೋಯಿತು ಅನ್ನಲಿಲ್ಲ. ಕೊಡ ಎತ್ತಿದೆ, ರಾತ್ರಿ ಸ್ವಲ್ಪ ಜಗ್ಗಿತು ಅಂದರು. ಪೂರ್ತಿ ಲೆಕ್ಕ ಹನ್ನೆರಡನೇ ವಾರಕ್ಕೆ. ಆವತ್ತು ಅದೇ ಕುರ್ಚಿ ಎತ್ತಿಸಿ ನೋಡುತ್ತೇನೆ.