ಮೂವತ್ತು ಪೌಂಡಿನ ದನಿ

ಹೋದ ತಿಂಗಳು ನಾಲ್ಕು ಹುಡುಗರು ಗಿಟಾರ್ ಹೊತ್ತುಕೊಂಡು ಬೆಳಗಾವಿಯ ವಡಗಾವಿಯಲ್ಲಿರುವ ನನ್ನ ಸ್ಟುಡಿಯೋಗೆ ಬಂದರು. ಇಂಜಿನಿಯರಿಂಗ್ ಓದುವವರು. "ಸರ್, ನಮಗ ಪಿಂಕ್ ಫ್ಲಾಯ್ಡ್ ಸೌಂಡ್ ಬೇಕ್ರಿ, ಯಾವ ಪ್ಲಗಿನ್ ಹಾಕಬೇಕು?" ಅಂದರು. ಪ್ಲಗಿನ್ ಅಂದರೆ ಸದ್ದಿನ ಬಣ್ಣ ಬದಲಿಸುವ ಕಂಪ್ಯೂಟರ್ ಸಾಫ್ಟ್‌ವೇರ್. ಭಜನೆ, ಡೊಳ್ಳಿನ ಪದ, ಎಲೆಕ್ಷನ್ ಹಾಡು ಎಲ್ಲಾ ರೆಕಾರ್ಡ್ ಮಾಡಿದ ಕೈ ನನ್ನದು, ಆದರೂ ಇದಕ್ಕೆ ಪ್ಲಗಿನ್ ಹೇಳಲಾಗಲಿಲ್ಲ. ಅವರು ಹೇಳುತ್ತಿದ್ದದ್ದು ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಆಲ್ಬಮ್ ಬಗ್ಗೆ. ಅದರಲ್ಲಿ ಜನರಿಗೆ ಇವತ್ತಿಗೂ ನೆನಪಿರುವ ಎಷ್ಟೋ ಸದ್ದುಗಳು ಬ್ಯಾಂಡಿನವರದ್ದೇ ಅಲ್ಲ!

1973ರ ಮಾರ್ಚ್‌ನಲ್ಲಿ ಬಂದ ಆಲ್ಬಮ್ ಅದು. ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ 16 ಟ್ರ್ಯಾಕಿನ, ಅಂದರೆ 16 ಸದ್ದು ಬೇರೆ ಬೇರೆಯಾಗಿ ಹಿಡಿಯುವ, ಟೇಪ್ ಮೇಲೆ ಮಾಡಿದ್ದು. 'ಟೈಮ್' ಹಾಡು ಶುರುವಾಗುವಾಗ ಗಡಿಯಾರಗಳು ಒಟ್ಟಿಗೆ ಬಾರಿಸುತ್ತವಲ್ಲ, ಅದನ್ನು ತಂದವರು ಸ್ಟುಡಿಯೋದ ಇಂಜಿನಿಯರ್ ಅಲನ್ ಪಾರ್ಸನ್ಸ್. ಹಳೇ ಗಡಿಯಾರದ ಅಂಗಡಿಗೆ ಹೋಗಿ ಒಂದೊಂದನ್ನೇ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿಕೊಂಡಿದ್ದರು, ಅದೂ ಈ ಹಾಡಿಗಲ್ಲ, ನಾಲ್ಕು ಸ್ಪೀಕರಿನ ಸೌಂಡ್ ಪರೀಕ್ಷೆಗೆ. ನಡುನಡುವೆ ಕೇಳುವ ಮಾತುಗಳದ್ದೂ ಇದೇ ಕಥೆ. ಬ್ಯಾಂಡಿನ ರೋಜರ್ ವಾಟರ್ಸ್ ಕಾರ್ಡಿನ ಮೇಲೆ ಪ್ರಶ್ನೆ ಬರೆದು ಸ್ಟುಡಿಯೋದಲ್ಲಿ ಸಿಕ್ಕಸಿಕ್ಕವರನ್ನು ಮಾತಾಡಿಸಿದರು. ಬೀಟಲ್ಸ್ ಖ್ಯಾತಿಯ ಪಾಲ್ ಮೆಕಾರ್ಟ್ನಿಯನ್ನೂ ಕೇಳಿದ್ದರು, ಆದರೆ ಅವರ ಮಾತು ಆಲ್ಬಮ್‌ಗೆ ಬರಲಿಲ್ಲ, ಬಾಗಿಲು ಕಾಯುವ ಜೆರಿ ಓಡ್ರಿಸ್ಕಾಲ್ ಅವರ ಮಾತು ಬಂತು. ನನಗಂತೂ ಇದು ಬಹಳ ಇಷ್ಟ.

'ಮನಿ' ಹಾಡಿನ ಲೂಪ್, ಅಂದರೆ ಸುತ್ತಿ ಸುತ್ತಿ ಬರುವ ಸದ್ದಿನ ತುಣುಕು, ಮಾತ್ರ ಬ್ಯಾಂಡಿನವರೇ ಮಾಡಿದ್ದು, ಅದನ್ನು ಹುಡುಗರಿಗೆ ಕೂರಿಸಿಕೊಂಡು ವಿವರಿಸಿದೆ. ನಾಣ್ಯದ ಸದ್ದು, ಕಾಗದ ಹರಿಯುವ ಸದ್ದು, ಅಂಗಡಿಯ ಕ್ಯಾಶ್ ರಿಜಿಸ್ಟರ್, ಹೀಗೆ ಒಟ್ಟು ಏಳು ತುಂಡು ಟೇಪ್. ಟೇಪ್ ಒಂದೇ ವೇಗದಲ್ಲಿ ಓಡುತ್ತದೆ, ಹಾಗಾಗಿ ತುಂಡಿನ ಉದ್ದವೇ ತಾಳ. ಸ್ಕೇಲ್ ಇಟ್ಟು ಅಳೆದು, ಬ್ಲೇಡಿನಿಂದ ಕತ್ತರಿಸಿ, ಅಂಟಿಸಿ, ಎರಡು ತುದಿ ಸೇರಿಸಿ ಮೈಕ್ ಸ್ಟ್ಯಾಂಡಿಗೆ ಸುತ್ತಿ ಓಡಿಸಿದರೆ ಏಳು ಮಾತ್ರೆಯ ತಾಳ ಸುಮ್ನೆ ಸುತ್ತುತ್ತಲೇ ಇರುತ್ತದೆ. ಪಕ್ಕದಲ್ಲಿ ಕೂತಿದ್ದ ನಮ್ಮ ತಬಲಾ ಮಾಸ್ತರರು "ನಮ್ಮ ಹಿಂದೂಸ್ತಾನಿ ರೂಪಕ ತಾಳದಂಗ ಏಳು ಅಲ್ವಾ" ಅಂತ ತೊಡೆ ಮೇಲೆ ತಟ್ಟಿಬಿಟ್ಟರು, ಹುಡುಗರು ಮಾತ್ರ ಇನ್ನೂ ಬೆರಳು ಎಣಿಸುತ್ತಿದ್ದರು.

ಇನ್ನು 'ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ'. ಬ್ಯಾಂಡಿನ ರಿಚರ್ಡ್ ರೈಟ್ ಅವರ ಪಿಯಾನೋ ಮೇಲೆ ಒಬ್ಬ ಹೆಣ್ಣುಮಗಳು ಒಂದೂ ಪದವಿಲ್ಲದೆ ಕೂಗುತ್ತಾ, ಅಳುತ್ತಾ, ಕೊನೆಗೆ ತಣ್ಣಗಾಗುವ ಹಾಡು. ಹಾಡಿದವರು ಕ್ಲೇರ್ ಟೋರಿ, ಕೂಲಿಗೆ ಬಂದ ಗಾಯಕಿ. ಬ್ಯಾಂಡಿನವರು ಪದ ಬೇಡ ಅಂದರು, ಸ್ವರ ಬರೆದು ಕೊಡಲಿಲ್ಲ, ಟೋರಿಯೇ ನಿಂತಲ್ಲೇ ಕಟ್ಟಿದರು. ಭಾನುವಾರ ಅಂತ ಡಬಲ್ ಕೂಲಿ, 30 ಪೌಂಡ್. ಕವರಿನಲ್ಲಿ ಹಾಡಿದವರು ಅಂತ ಹೆಸರಿತ್ತು, ಆದರೆ ಹಾಡು ಕಟ್ಟಿದವರು ಅಂತ ಇದ್ದದ್ದು ರೈಟ್ ಒಬ್ಬರದೇ. ಆಲ್ಬಮ್ ಹೆಚ್ಚು ಮಾರಾಟವಾಗುವ ಆಲ್ಬಮ್‌ಗಳ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1988ರವರೆಗೆ ಒಟ್ಟು 741 ವಾರ ಕೂತಿತ್ತು. ಟೋರಿ ಕೋರ್ಟಿಗೆ ಹೋದದ್ದು 2004ರಲ್ಲಿ. ಮರುವರ್ಷ ರಾಜಿಯಾಯಿತು, ಆಮೇಲಿನ ಪ್ರತಿಗಳಲ್ಲಿ ರೈಟ್ ಜೊತೆ ಅವರ ಹೆಸರೂ ಬಂತು. ಅಷ್ಟೊತ್ತಿಗೆ 32 ವರ್ಷ ಕಳೆದಿತ್ತು.

ಹಾಡಿದ ಕೂಲಿ ಬೇರೆ, ಹಾಡು ಕಟ್ಟಿದ ಹಕ್ಕು ಬೇರೆ. ಇದು ಗೊತ್ತಿಲ್ಲದೇ ನಾನೂ ತಪ್ಪು ಮಾಡಿದ್ದೇನೆ. ಕ್ಯಾಸೆಟ್ ಕಾಲದಲ್ಲಿ ಒಂದು ಸ್ಟುಡಿಯೋದಲ್ಲಿ ಅಸಿಸ್ಟೆಂಟ್ ಆಗಿದ್ದಾಗ ವಿಜಯಪುರ ಕಡೆಯ ಒಬ್ಬ ಅಮ್ಮ ಕೋರಸ್ ಹಾಡಲು ಬಂದಿದ್ದರು. ಎರಡು ನುಡಿಗಳ ನಡುವೆ ಸುಮ್ಮನಿರಲಾರದೆ ಒಂದು ಎಳೆ ಎಳೆದರು ನೋಡಿ, ಆ ವರ್ಷ ಜಾತ್ರೆಗಳಲ್ಲಿ ಜನ ಗುನುಗಿದ್ದು ಅದನ್ನೇ. ಅವರಿಗೆ ಸಿಕ್ಕಿದ್ದು ಇನ್ನೂರು ರೂಪಾಯಿ ಮತ್ತು ಬಸ್ ಚಾರ್ಜು. ಕವರಿನಲ್ಲಿ ಹೆಸರಿಲ್ಲ. ಟ್ರ್ಯಾಕ್ ಶೀಟಿನಲ್ಲಿ ನಾನೇ 'ಲೇಡೀಸ್ ಕೋರಸ್' ಅಂತ ಬರೆದಿದ್ದೆ. ಈಗ ಅವರ ಹೆಸರು ನೆನಪಿಗೆ ಬರುವುದಿಲ್ಲ, ಆ ಎಳೆ ಮಾತ್ರ ಬರುತ್ತದೆ.

ನಮ್ಮಲ್ಲೂ 2012ರ ಕಾಪಿರೈಟ್ ತಿದ್ದುಪಡಿಯಿಂದ ಹಾಡುಗಾರರಿಗೆ ರಾಯಲ್ಟಿ ಹಕ್ಕು ಬಂದಿದೆ. ಆದರೆ ಯಾರು ಏನು ಮಾಡಿದರು ಅಂತ ಬರೆದೇ ಇಲ್ಲದಿದ್ದರೆ ಕೇಳುವುದು ಹೇಗೆ? ಅದಕ್ಕೇ ಈಗ ಮೈಕ್ ಆನ್ ಮಾಡುವ ಮೊದಲು ಒಂದು ಹಾಳೆ ಇಡುತ್ತೇನೆ. ಹೆಸರು, ಮಾಡಿದ ಕೆಲಸ, ಕೊಟ್ಟ ದುಡ್ಡು ಯಾವುದಕ್ಕೆ ಅಂತ, ಕೆಳಗೆ ಸಹಿ. ಹತ್ತು ನಿಮಿಷದ ಕೆಲಸ.

ಹುಡುಗರು ಕೊನೆಗೆ ಪ್ಲಗಿನ್ ಬಿಟ್ಟರು. ಹಿಂದಿನ ಓಣಿಯ ಮಗ್ಗದ ಸದ್ದು ನನಗೆ ದಿನಾ ತಲೆನೋವು, ಎಷ್ಟೋ ಟೇಕ್ ಅದರಿಂದಲೇ ಹಾಳಾಗಿವೆ. ಅದನ್ನೇ ರೆಕಾರ್ಡ್ ಮಾಡಿ, ಲಾಳಿ ಬಡಿಯುವ ಸದ್ದು ಕತ್ತರಿಸಿ ಏಳು ಮಾತ್ರೆಗೆ ಕೂಡಿಸಿದೆವು. ಹಾಳೆಗೆ ಸಹಿ ಹಾಕಲು ಕರೆದಾಗ ಮಗ್ಗದವರು ನಕ್ಕರು. "ಇಷ್ಟು ದಿನ ಸಪ್ಪಳ ಬಂದ್ ಮಾಡ್ರಿ ಅಂತಿದ್ರಿ, ಈಗ ಸಹಿ ಹಾಕು ಅಂತೀರಲ್ಲರೀ!"

ಹಾಡು ಇನ್ನೂ ಮುಗಿದಿಲ್ಲ. ಮಗ್ಗ ಏಳಕ್ಕೆ ಸರಿಯಾಗಿ ಬರುತ್ತದೆ, ಡ್ರಮ್ಮರ್ ಹುಡುಗ ಮಾತ್ರ ಎಂಟಕ್ಕೆ ಹೋಗಿಬಿಡುತ್ತಾನೆ.