ನೂರು ರೂಪಾಯಿಗೆ 70 ಪೈಸೆ

ಸರ್ಕಾರಿ ಶಾಲೆಯಲ್ಲಿ ಓದಿ ಈಗ ಐವತ್ತೈದು ದಾಟಿದವರ ಮುಂದೆ ಕೇರ್ ಉಪ್ಪಿಟ್ಟಿನ ಮಾತು ತೆಗೆದು ನೋಡಿ. ಹಳದಿ ಬಣ್ಣದ ಉಪ್ಪಿಟ್ಟು, ಪುಡಿ ಕದಡಿ ಮಾಡಿದ ಹಾಲು, ಡಬ್ಬದಲ್ಲಿ ಬರುತ್ತಿದ್ದ ಎಣ್ಣೆ, ಒಂದೊಂದೇ ನೆನಪು ಹೊರಗೆ ಬರುತ್ತದೆ. ಸಾಮಾನು ‘ಕೇರ್’ ಎಂಬ ಸೇವಾ ಸಂಸ್ಥೆಯ ಮೂಲಕ ಅಮೆರಿಕದಿಂದ ಹಡಗೇರಿ ಬಂದದ್ದು. ಚೀಲದ ಮೇಲೆ ಎರಡು ಕೈ ಕುಲುಕುತ್ತಿರುವ ಚಿತ್ರ.

ಅದು ದಾನವೋ, ವ್ಯಾಪಾರವೋ? ಎರಡೂ ಹೌದು. ಅಮೆರಿಕದ ರೈತರು ಬೆಳೆದ ಗೋಧಿ ಅಲ್ಲಿನ ಗೋದಾಮುಗಳಲ್ಲಿ ತುಂಬಿ ತುಳುಕುತ್ತಿತ್ತು. ಅದನ್ನು ಹೊರಗೆ ಸಾಗಿಸಲು 1954ರಲ್ಲಿ ಒಂದು ಕಾನೂನು ಬಂತು. ಅದೇ ನಮ್ಮ ಹಿರಿಯರ ಬಾಯಲ್ಲಿ ‘ಪಿಎಲ್ 480’. ಶಾಲೆಯ ಉಪ್ಪಿಟ್ಟು ಪುಕ್ಕಟೆ. ರೇಷನ್ ಅಂಗಡಿಯ ಗೋಧಿ ಮಾತ್ರ ಮಾರಾಟದ್ದು, ಭಾರತ ಅದಕ್ಕೆ ರೂಪಾಯಿಯಲ್ಲೇ ಹಣ ಕಟ್ಟುತ್ತಿತ್ತು. ಆ ರೂಪಾಯಿ ಇಲ್ಲೇ ಗುಡ್ಡೆ ಬಿತ್ತು. ಕೊನೆಗೆ 1974ರಲ್ಲಿ ಅಮೆರಿಕದ ರಾಯಭಾರಿ ಡೇನಿಯಲ್ ಮೊಯ್ನಿಹಾನ್ 1,664 ಕೋಟಿ ರೂಪಾಯಿಯ ಚೆಕ್ ಬರೆದು ಭಾರತಕ್ಕೇ ವಾಪಸ್ ಕೊಟ್ಟರು. ಅಷ್ಟು ದೊಡ್ಡ ಚೆಕ್ ಎಂದು ಗಿನ್ನೆಸ್ ದಾಖಲೆಗೂ ಸೇರಿತು. ಈಗ ಹೇಳಿ, ಇದರಲ್ಲಿ ‘ನೆರವು’ ಎಷ್ಟು?

ಶ್ರೀಮಂತ ದೇಶ ಎಷ್ಟು ಕೊಡಬೇಕು, ಯಾವುದನ್ನು ಕೊಟ್ಟದ್ದು ಎಂದು ಬರೆದುಕೊಳ್ಳಬೇಕು ಎಂಬ ಜಗಳ ಅಂದಿನಿಂದ ಇಂದಿನವರೆಗೂ ನಿಂತಿಲ್ಲ. ಆ ಜಗಳದ ನಡುವೆ ಒಂದು ಅಂಕಿ ಕೂತಿದೆ: ಶೇ 0.7. ಅಂದರೆ ದೇಶದ ವರಮಾನದ ಪ್ರತಿ ನೂರು ರೂಪಾಯಿಗೆ 70 ಪೈಸೆ.

ಮೊದಲು ಅದು ಒಂದು ರೂಪಾಯಿ ಇತ್ತು. 1958ರಲ್ಲಿ ಚರ್ಚುಗಳ ವಿಶ್ವ ಮಂಡಳಿ, ಸಿರಿವಂತ ದೇಶಗಳು ವರಮಾನದ ಶೇ 1ರಷ್ಟನ್ನು ಬಡ ದೇಶಗಳಿಗೆ ಕೊಡಲಿ ಎಂದು ವಿಶ್ವಸಂಸ್ಥೆಯ ಪ್ರತಿನಿಧಿಗಳಿಗೆಲ್ಲ ತಿಳಿಸಿತು. 1960ರಲ್ಲಿ ವಿಶ್ವಸಂಸ್ಥೆಯೂ ಅದನ್ನೇ ಹೇಳಿತು. ಆದರೆ ಆ ಒಂದು ರೂಪಾಯಿಯಲ್ಲಿ ಖಾಸಗಿ ಕಂಪನಿಗಳು ಹೂಡುವ ಬಂಡವಾಳವೂ ಸೇರಿತ್ತು. ಕಂಪನಿಗಳ ಹಣ ಎಲ್ಲಿಗೆ ಹೋಗಬೇಕೆಂದು ಸರ್ಕಾರ ಹೇಗೆ ಮಾತು ಕೊಡುತ್ತದೆ? ಹಾಗಾಗಿ ಸರ್ಕಾರದ ಪಾಲನ್ನು ಬೇರೆ ಮಾಡಬೇಕಾಯಿತು.

ಆ ಕೆಲಸಕ್ಕೆ ಕೂತವರು ಡಚ್ ಅರ್ಥಶಾಸ್ತ್ರಜ್ಞ ಯಾನ್ ಟಿನ್‌ಬರ್ಗನ್. 1969ರಲ್ಲಿ ಅರ್ಥಶಾಸ್ತ್ರದ ಮೊಟ್ಟಮೊದಲ ನೊಬೆಲ್ ಹಂಚಿಕೊಂಡವರು ಇವರೇ. ಅಂದಿನ ಲೆಕ್ಕ ಕೇಳಲು ಸರಳ. ಬಡ ದೇಶ ವರ್ಷಕ್ಕೆ ಇಷ್ಟು ಬೆಳೆಯಬೇಕು. ಅದಕ್ಕೆ ಇಷ್ಟು ಬಂಡವಾಳ ಬೇಕು. ಅದರ ಸ್ವಂತ ಉಳಿತಾಯ ಇಷ್ಟೇ ಇದೆ. ಕೊರತೆ ಬಿದ್ದದ್ದು ಹೊರಗಿನಿಂದ ಬರಲಿ. ಮದುವೆ ಮನೆಯಲ್ಲಿ ಖರ್ಚು ಬರೆದು, ಕೈಯಲ್ಲಿರುವುದನ್ನು ಕಳೆದು, ಉಳಿದದ್ದಕ್ಕೆ ನೆಂಟರ ಕಡೆ ನೋಡುತ್ತೇವಲ್ಲ, ಹಾಗೆ. ಟಿನ್‌ಬರ್ಗನ್ ಅವರ ಸಮಿತಿ ಸರ್ಕಾರಗಳ ಪಾಲು 75 ಪೈಸೆ ಎಂದಿತು.

ಇತ್ತ ವಿಶ್ವಬ್ಯಾಂಕಿನ ಅಧ್ಯಕ್ಷ ರಾಬರ್ಟ್ ಮೆಕ್‌ನಮಾರ 1968ರಲ್ಲಿ ಕೆನಡಾದ ಮಾಜಿ ಪ್ರಧಾನಿ ಲೆಸ್ಟರ್ ಪಿಯರ್ಸನ್ ಅವರ ಆಯೋಗ ನೇಮಿಸಿದರು. ಮರುವರ್ಷ ಅದು ವರದಿ ಕೊಟ್ಟಿತು: 70 ಪೈಸೆ ಸಾಕು, ಆದರೆ 1975ರೊಳಗೆ ಕೊಡಿ, ಎಷ್ಟೇ ತಡವಾದರೂ 1980 ದಾಟಬೇಡಿ. 1970ರ ಅಕ್ಟೋಬರ್ 24ರಂದು ವಿಶ್ವಸಂಸ್ಥೆಯ ಮಹಾಸಭೆ ಇದನ್ನು ಒಪ್ಪಿಕೊಂಡಿತು. ಒಪ್ಪಿಗೆಯ ಮಾತು ಮಾತ್ರ ಮೆತ್ತಗಿತ್ತು. ದಶಕದ ನಡುಭಾಗದ ಹೊತ್ತಿಗೆ ಆ ಮಟ್ಟ ಮುಟ್ಟಲು ದೇಶಗಳು ‘ಆದಷ್ಟೂ ಪ್ರಯತ್ನ’ ಮಾಡುತ್ತವಂತೆ! ಅಮೆರಿಕ ಅಷ್ಟಕ್ಕೂ ಸಿಕ್ಕಿಹಾಕಿಕೊಳ್ಳಲಿಲ್ಲ. ಡಾಲರ್ ಲೆಕ್ಕದಲ್ಲಿ ಎಷ್ಟೋ ವರ್ಷ ಎಲ್ಲರಿಗಿಂತ ಜಾಸ್ತಿ ಕೊಟ್ಟ ದೇಶ ಅದು. ಪೈಸೆ ಲೆಕ್ಕದಲ್ಲಿ 2023ರಲ್ಲಿ ಅದರ ಪಾಲು ಬರೀ 24.

ಮಾತು ಉಳಿಸಿಕೊಂಡವರು ಕೆಲವರೇ. 1970ರ ದಶಕದಲ್ಲಿ ಸ್ವೀಡನ್, ನೆದರ್‌ಲೆಂಡ್ಸ್, ನಾರ್ವೆ, ಡೆನ್ಮಾರ್ಕ್ 70 ಪೈಸೆ ಮುಟ್ಟಿದವು. ಬಹಳ ಆಮೇಲೆ 2013ರಲ್ಲಿ ಬ್ರಿಟನ್ ಮುಟ್ಟಿತು, 2015ರಲ್ಲಿ ಅದನ್ನು ಕಾನೂನೇ ಮಾಡಿಕೊಂಡಿತು. 2021ಕ್ಕೆ ಅದು 50 ಪೈಸೆಗೆ ಇಳಿಯಿತು. 2027ಕ್ಕೆ 30 ಪೈಸೆ ಸಾಕು, ಉಳಿದದ್ದು ಸೇನೆಗೆ ಎಂದು 2025ರಲ್ಲಿ ಘೋಷಣೆಯಾಯಿತು. ಶ್ರೀಮಂತ ದೇಶಗಳನ್ನೆಲ್ಲ ಒಟ್ಟಿಗೆ ಹಿಡಿದರೆ 2024ರ ಪಾಲು 33 ಪೈಸೆ, ಸುಮಾರು 212 ಶತಕೋಟಿ ಡಾಲರ್.

ಈಗ ಪುಸ್ತಕದ ಇನ್ನೊಂದು ಪುಟ ತಿರುಗಿಸಬೇಕು. ಯಾವುದು ನೆರವು, ಯಾವುದು ಅಲ್ಲ ಎಂದು ತೀರ್ಮಾನಿಸುವುದು ಒಇಸಿಡಿ ಎಂಬ ಶ್ರೀಮಂತ ದೇಶಗಳ ಕೂಟದ ಒಂದು ಸಮಿತಿ. ಅಂದರೆ ಕೊಡುವವರೇ ಅಳೆಯುವವರು. ಪಡೆಯುವವರು ಆ ಕೋಣೆಯ ಹೊರಗೆ. ಸೇರಿನಲ್ಲಿ ಅಳೆದು ಕೊಡುವವನ ಹೆಬ್ಬೆರಳು ಒಳಗಿದೆಯೋ ಹೊರಗಿದೆಯೋ ಎಂದು ನೋಡಿಯೇ ಭತ್ತ ಕೊಳ್ಳುತ್ತಿದ್ದವರು ನಾವು, ಅಲ್ವಾ?

ಬೆರಳು ಹಲವು ಸಲ ಒಳಗೇ ಇತ್ತು. ‘ಹಣ ಕೊಡುತ್ತೇವೆ, ಯಂತ್ರ ಮಾತ್ರ ನಮ್ಮಲ್ಲೇ ಕೊಳ್ಳಿ’ ಎನ್ನುವುದು ಹಳೆಯ ಪದ್ಧತಿ. 2005ರಲ್ಲಿ ಇರಾಕಿನ ಹಳೇ ಸಾಲ ಮನ್ನಾ ಮಾಡಿದ್ದೂ ನೆರವಿನ ಖಾತೆಗೆ ಬಿತ್ತು. ತಮ್ಮ ದೇಶಕ್ಕೆ ಬಂದ ನಿರಾಶ್ರಿತರ ಮೊದಲ ವರ್ಷದ ಊಟ, ವಸತಿಯ ಖರ್ಚನ್ನೂ ಇದಕ್ಕೆ ಸೇರಿಸಬಹುದು. ಜರ್ಮನಿ 2016ರಲ್ಲಿ ಮೊದಲ ಸಲ 70 ಪೈಸೆ ಮುಟ್ಟಿದ್ದು ಹಾಗೆಯೇ. ಉಕ್ರೇನ್ ಯುದ್ಧ ಶುರುವಾದ 2022ರಲ್ಲಂತೂ ಜಗತ್ತಿನ ಒಟ್ಟು ನೆರವಿನಲ್ಲಿ ಶೇ 14ಕ್ಕೂ ಹೆಚ್ಚು ಕೊಟ್ಟವರ ಮನೆಯೊಳಗೇ ಖರ್ಚಾಯಿತು. ನಿರಾಶ್ರಿತರಿಗೆ ಅನ್ನ ಹಾಕಿದ್ದು ತಪ್ಪಲ್ಲ, ಖಂಡಿತ ಅಲ್ಲ. ಆದರೆ ಆ ಹಣ ಮಲಾವಿಗೋ ನೇಪಾಳಕ್ಕೋ ತಲುಪಿತು ಎನ್ನಲಾಗದು. ಕೋವಿಡ್ ಕಾಲದ್ದು ಇನ್ನೂ ಚೆನ್ನಾಗಿದೆ. ತಮಗೆಂದು ಕೊಂಡು ಮಿಕ್ಕಿದ ಲಸಿಕೆಯನ್ನು ಬಡ ದೇಶಗಳಿಗೆ ಕೊಟ್ಟು, ಡೋಸಿಗೆ 6.72 ಡಾಲರ್‌ನಂತೆ 2021ರ ನೆರವಿಗೆ ಬರೆದುಕೊಳ್ಳಲು ಅವಕಾಶವಾಯಿತು.

ಹಾಗಾದರೆ ಆ 70 ಪೈಸೆಯಾದರೂ ಗಟ್ಟಿ ಲೆಕ್ಕವೇ? ಮೈಕಲ್ ಕ್ಲೆಮೆನ್ಸ್ ಮತ್ತು ಟಾಡ್ ಮಾಸ್ ಎಂಬ ಇಬ್ಬರು ಸಂಶೋಧಕರು 2005ರಲ್ಲಿ ಹಳೆಯ ವಿಧಾನವನ್ನೇ ಇಟ್ಟುಕೊಂಡು, ತಮ್ಮ ಕಾಲದ ಅಂಕಿಗಳನ್ನು ಹಾಕಿ ಕೂಡಿ ಕಳೆದರು. ಅತಿ ಬಡ ದೇಶಗಳಿಗೆ ಬೇಕಾದದ್ದು ಶ್ರೀಮಂತರ ನೂರು ರೂಪಾಯಿಯಲ್ಲಿ ಒಂದೇ ಪೈಸೆ ಎಂದು ಬಂತು! ಬಡ ದೇಶಗಳಿಗೆ ನೆರವು ಬೇಡ ಎಂದು ಇದರ ಅರ್ಥವಲ್ಲ. ಬಂಡವಾಳ ಸುರಿದರೆ ದೇಶ ತಾನಾಗಿ ಬೆಳೆಯುತ್ತದೆ ಎಂಬ ಹಳೆಯ ನಂಬಿಕೆಯೇ ಸವೆದುಹೋಗಿದೆ ಎಂದು ಅರ್ಥ. ನನಗನಿಸುವುದು, 70 ಪೈಸೆ ಉಳಿದದ್ದು ಲೆಕ್ಕ ಸರಿ ಇದ್ದದ್ದಕ್ಕಲ್ಲ. ಕೊಟ್ಟ ಮಾತನ್ನು ನೆನಪಿಸಲು ಅದಕ್ಕಿಂತ ಸುಲಭದ ಅಂಕಿ ಬೇರೊಂದು ಇರಲಿಲ್ಲ.

ಭಾರತ ನೆರವು ಪಡೆಯುವವರ ಸಾಲಿನಿಂದ ನಿಧಾನವಾಗಿ ಎದ್ದು ಬಂತು. 1965–66ರ ಬರದಲ್ಲಿ ಅಮೆರಿಕದ ಅಧ್ಯಕ್ಷ ಜಾನ್ಸನ್ ಗೋಧಿಯನ್ನು ತಿಂಗಳ ಲೆಕ್ಕದಲ್ಲಿ ಬಿಗಿಹಿಡಿದು ಬಿಡುತ್ತಿದ್ದರು. ಹಡಗಿನಿಂದ ಇಳಿದದ್ದು ನೇರ ಬಾಯಿಗೆ ಎನ್ನುವ ಸ್ಥಿತಿ. ಆ ಅವಮಾನ ದೆಹಲಿಗೆ ಮರೆಯಲಿಲ್ಲ. 2003ರಲ್ಲಿ ಕೆಲವೇ ದೇಶಗಳನ್ನು ಬಿಟ್ಟು ಉಳಿದವರ ನೆರವು ಬೇಡ ಎಂದಿತು. 2004ರ ಸುನಾಮಿಯಲ್ಲೂ ಹೊರಗಿನವರಿಗೆ ಬೇಡವೆಂದಿತು. ಕೊಡುವ ಕೆಲಸವನ್ನು ಅದಕ್ಕೂ ಬಹಳ ಮೊದಲೇ, 1964ರಲ್ಲಿ, ಐಟೆಕ್ ಎಂಬ ತರಬೇತಿ ಯೋಜನೆಯಿಂದ ಶುರು ಮಾಡಿತ್ತು. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಆಫ್ರಿಕಾ, ಏಷ್ಯಾದವರು ಬಂದು ಆಹಾರ ತಂತ್ರಜ್ಞಾನ ಕಲಿತು ಹೋಗಿದ್ದಾರೆ. ಭಾರತ ಒಇಸಿಡಿಯ ಆ ಸಮಿತಿಯ ಸದಸ್ಯನಲ್ಲ. ಹಾಗಾಗಿ ಸದಸ್ಯರ ಪೈಸೆ ಲೆಕ್ಕದಲ್ಲಿ ಇದ್ಯಾವುದೂ ಸೇರುವುದಿಲ್ಲ.

2025ರ ಜೂನ್ ಕೊನೆಯ ವಾರ ನೇಟೊ ದೇಶಗಳು ಹೇಗ್ ನಗರದಲ್ಲಿ ಸೇರಿ, 2035ರ ಹೊತ್ತಿಗೆ ರಕ್ಷಣೆಗೆ ನೂರಕ್ಕೆ 5 ರೂಪಾಯಿ ತೆಗೆದಿಡುವ ಗುರಿ ಹಾಕಿಕೊಂಡವು. ಅದಾಗಿ ಐದು ದಿನಕ್ಕೆ ಸ್ಪೇನಿನ ಸೆವಿಲ್ಲಾದಲ್ಲಿ ಅಭಿವೃದ್ಧಿಯ ಹಣಕಾಸಿನ ಬಗ್ಗೆ ವಿಶ್ವಸಂಸ್ಥೆಯ ಸಮ್ಮೇಳನ ಸೇರಿತು, 70 ಪೈಸೆಯ ಮಾತು ಮತ್ತೆ ಬಂತು. ಅಮೆರಿಕ ಮೊದಲೇ ಹಿಂದೆ ಸರಿದಿತ್ತು. ಸಮ್ಮೇಳನ ನಡೆಯುತ್ತಿರುವಾಗಲೇ, ಜುಲೈ 1ರಂದು, ಕೈ ಕುಲುಕುವ ಚಿತ್ರದ ಸಂಸ್ಥೆ, ಅಮೆರಿಕ ಸರ್ಕಾರದ ನೆರವು ಹಂಚುತ್ತಿದ್ದ ಯುಎಸ್‌ಏಡ್, ವಾಷಿಂಗ್ಟನ್ನಿನಲ್ಲಿ ಬಾಗಿಲು ಹಾಕಿತು.