ಲೈಬ್ರರಿ ಪೀರಿಯಡ್‌ನಲ್ಲಿ ಏನು ಕಲಿಸಬೇಕು? ಮಾಹಿತಿ ಸಾಕ್ಷರತೆ ಪಠ್ಯಕ್ರಮದ ಹಿಂದುಮುಂದು

ಮಕ್ಕಳಿಗೆ ಓದುವ ಹವ್ಯಾಸ ಬೆಳೆಯಬೇಕು, ಸುಳ್ಳು ಸುದ್ದಿ ಗುರುತಿಸಲು ಬರಬೇಕು, ಇಂಟರ್‌ನೆಟ್ ಹುಷಾರಾಗಿ ಬಳಸಬೇಕು, ಪ್ರಾಜೆಕ್ಟನ್ನು ಸ್ವಂತವಾಗಿ ಬರೆಯಬೇಕು. ಈ ನಾಲ್ಕೂ ಬೇಡಿಕೆಗಳು ಈಗ ಒಟ್ಟಿಗೆ ಶಾಲಾ ಗ್ರಂಥಾಲಯದ ಬಾಗಿಲಿಗೆ ಬಂದಿವೆ, ‘ಮಾಹಿತಿ ಸಾಕ್ಷರತೆ’ (ಬೇಕಾದ ಮಾಹಿತಿಯನ್ನು ಹುಡುಕಿ, ಒರೆಗೆ ಹಚ್ಚಿ, ಬಳಸುವ ಕೌಶಲ) ಎಂಬ ಒಂದೇ ಹೆಸರಿನಲ್ಲಿ. ಮೈಸೂರು, ಮಂಡ್ಯ ಕಡೆಯ ಶಾಲೆಗಳಿಗೆ ಇದರ ಪಠ್ಯಕ್ರಮ ರೂಪಿಸಲು ಕೂತರೆ ಮೊದಲ ತೊಡಕು ವೇಳಾಪಟ್ಟಿಯಲ್ಲೇ ಎದುರಾಗುತ್ತದೆ. ಲೈಬ್ರರಿ ಪೀರಿಯಡ್ ಕಾಗದದಲ್ಲಿ ಇರುತ್ತದೆ. ಪರೀಕ್ಷೆ ಹತ್ತಿರ ಬಂದಂತೆ ಅದು ಗಣಿತಕ್ಕೋ ಇಂಗ್ಲಿಷಿಗೋ ಹೋಗುತ್ತದೆ.

ಈ ಕಥೆ ಹಳೆಯದು. ಮಾಧ್ಯಮಿಕ ಶಿಕ್ಷಣ ಕುರಿತ 1952–53ರ ಮುದಲಿಯಾರ್ ಆಯೋಗವೇ ಶಾಲಾ ಗ್ರಂಥಾಲಯಗಳ ಸ್ಥಿತಿಯನ್ನು ನೇರವಾಗಿ ಹೇಳಿತ್ತು: ಮಕ್ಕಳಿಗೆ ಒಗ್ಗದ ಹಳೆಯ ಪುಸ್ತಕಗಳು, ಬೀಗ ಹಾಕಿದ ಬೀರುಗಳು, ಉಸ್ತುವಾರಿಗೆ ಗುಮಾಸ್ತರು ಇಲ್ಲವೇ ಆಸಕ್ತಿಯಿಲ್ಲದ ಶಿಕ್ಷಕರು. 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಊರಿನ ಗ್ರಂಥಾಲಯಕ್ಕೆ ಉಪಕರದ ಆದಾಯ ಬಂತು, ಶಾಲೆಯ ಬೀರು ಅದರ ಹೊರಗೇ ಉಳಿಯಿತು. 1987ರ ಕಪ್ಪುಹಲಗೆ ಕಾರ್ಯಾಚರಣೆ (ಆಪರೇಷನ್ ಬ್ಲ್ಯಾಕ್‌ಬೋರ್ಡ್) ಪ್ರಾಥಮಿಕ ಶಾಲೆಗಳಿಗೆ ಪುಸ್ತಕ ಕೊಟ್ಟಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿವರೆಗಿನ ಪ್ರತಿ ಶಾಲೆಗೂ ಗ್ರಂಥಾಲಯ ಬೇಕೆಂದಿತು, ಅದರಲ್ಲಿ ದಿನಪತ್ರಿಕೆ, ನಿಯತಕಾಲಿಕೆ, ಕಥೆಪುಸ್ತಕವೂ ಇರಬೇಕೆಂದಿತು. 2018ರಿಂದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ಹಂತ ನೋಡಿ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನವಿದೆ.

ಪ್ರತಿ ಸಲವೂ ಬಂದದ್ದು ಸಾಮಾನು. ಅದನ್ನು ಬಳಸಿ ಪಾಠ ಮಾಡುವವರು ಯಾರು, ಯಾವ ಗಂಟೆಯಲ್ಲಿ ಎಂಬುದು ಎಲ್ಲೂ ಗಟ್ಟಿಯಾಗಿ ತೀರ್ಮಾನವಾಗಲಿಲ್ಲ. ಹೆಚ್ಚಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಪ್ರತ್ಯೇಕ ಗ್ರಂಥಪಾಲಕರಿಲ್ಲ. ಒಬ್ಬ ಶಿಕ್ಷಕರ ಹೆಸರಿಗೆ ಚಾರ್ಜ್ ಬರೆದಿರುತ್ತದೆ. ಪುಸ್ತಕ ಕಳೆದರೆ ದಾಸ್ತಾನು ಪರಿಶೀಲನೆಯಲ್ಲಿ ಉತ್ತರ ಹೇಳಬೇಕಾದವರೂ ಅವರೇ. ಬೀರುವಿಗೆ ಬೀಗ ಬೀಳಲು ಇಷ್ಟು ಸಾಕು. ಕಳೆದ ಮತ್ತು ಹರಿದ ಪುಸ್ತಕಗಳನ್ನು ವರ್ಷಕ್ಕೊಮ್ಮೆ ದಾಸ್ತಾನಿನಿಂದ ತೆಗೆಯುವ ದಾರಿ ಸುಲಭವಾಗದ ಹೊರತು ಯಾವ ಪಠ್ಯಕ್ರಮವೂ ಆ ಬೀಗ ತೆರೆಸಲಾರದು.

ಮಾಹಿತಿ ಸಾಕ್ಷರತೆಯ ಮಾತು ಹುಟ್ಟಿದ್ದು ಅಮೆರಿಕದಲ್ಲಿ. 1974ರಲ್ಲಿ ಅಲ್ಲಿನ ಮಾಹಿತಿ ಉದ್ಯಮ ಸಂಘದ ಅಧ್ಯಕ್ಷ ಪಾಲ್ ಜುರ್ಕೋವ್‌ಸ್ಕಿ ಅದನ್ನು ಮೊದಲು ಬಳಸಿದರು. 1989ರಲ್ಲಿ ಅಲ್ಲಿನ ಗ್ರಂಥಾಲಯ ಸಂಘದ ಸಮಿತಿ ಅದಕ್ಕೊಂದು ವ್ಯಾಖ್ಯೆ ಕೊಟ್ಟಿತು. ಅದೇ ಆಸುಪಾಸಿನಲ್ಲಿ ಐಸೆನ್‌ಬರ್ಗ್ ಮತ್ತು ಬರ್ಕೋವಿಟ್ಜ್ ಅವರ ‘ಬಿಗ್ ಸಿಕ್ಸ್’ ಬಂತು. ಕೆಲಸ ಏನೆಂದು ಗೊತ್ತುಮಾಡಿಕೊಳ್ಳುವುದು, ಮೂಲಗಳನ್ನು ಯೋಚಿಸುವುದು, ಹುಡುಕುವುದು, ಬೇಕಾದದ್ದನ್ನು ತೆಗೆಯುವುದು, ಜೋಡಿಸುವುದು, ಮಾಡಿದ್ದನ್ನು ಒರೆಗೆ ಹಚ್ಚುವುದು ಅದರ ಆರು ಹೆಜ್ಜೆಗಳು. 2011ರಲ್ಲಿ ಯುನೆಸ್ಕೊ ಶಿಕ್ಷಕರಿಗಾಗಿ ಮಾಧ್ಯಮ ಮತ್ತು ಮಾಹಿತಿ ಸಾಕ್ಷರತೆಯ ಪಠ್ಯಕ್ರಮ ಹೊರತಂದಿತು. ಇವನ್ನು ಹಾಗೆಹಾಗೇ ಇಲ್ಲಿಗೆ ಇಳಿಸಿದರೆ ಮೂರನೆಯ ಹೆಜ್ಜೆಯಲ್ಲೇ ಎಡವುತ್ತೇವೆ. ಒಂದು ವಿಷಯಕ್ಕೆ ಹತ್ತು ಪುಸ್ತಕ ಕಪಾಟಿನಲ್ಲಿವೆ ಎಂದು ನಂಬಿ ಮಾಡಿದ ಕ್ರಮ ಅದು.

ಇತ್ತ ನಿರಂತರ ಮೌಲ್ಯಮಾಪನ ಬಂದಾಗ ಪ್ರಾಜೆಕ್ಟುಗಳು ಹೆಚ್ಚಿದವು. ಸೈಬರ್ ಸೆಂಟರಿನವರು ತೆಗೆದುಕೊಟ್ಟ ಪ್ರಿಂಟು ಬಣ್ಣದ ರಟ್ಟು ಹೊದ್ದು ಶಾಲೆಗೆ ಬಂತು, ಈಗ ಆ ಕೆಲಸವನ್ನು ಫೋನು ಮಾಡುತ್ತಿದೆ. ಮಕ್ಕಳನ್ನು ಬೈದು ಫಲವಿಲ್ಲ. ‘ಕೆಆರ್‌ಎಸ್ ಬಗ್ಗೆ ಬರೆಯಿರಿ’ ಎಂದು ಕೇಳಿದರೆ ನಕಲೇ ಸರಿಯಾದ ಉತ್ತರ. ಪಠ್ಯಕ್ರಮದ ಮೊದಲ ಕೆಲಸ ಪ್ರಶ್ನೆಯನ್ನು ತಿದ್ದುವುದು.

ಎಂಟನೇ ತರಗತಿಗೆ ಹೀಗೆ ಕೇಳಬಹುದು: ಕೆಆರ್‌ಎಸ್‌ನ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬರುವ ಮೊದಲು ನಮ್ಮ ಹೋಬಳಿಯಲ್ಲಿ ಏನು ಬೆಳೆಯುತ್ತಿದ್ದರು, ಬಂದ ಮೇಲೆ ಏನು ಬದಲಾಯಿತು? ಇದನ್ನು ಸಮಾಜ ವಿಜ್ಞಾನದ ಪಾಠಕ್ಕೇ ಕಟ್ಟಿ, 40 ನಿಮಿಷದ ಮೂರು ಪೀರಿಯಡ್ ಕೊಡಬೇಕು. ಪಾಠಕ್ಕೆ ಸಂಬಂಧವಿಲ್ಲದೆ ಬಿಡಿಯಾಗಿ ಕಲಿಸಿದ ‘ಲೈಬ್ರರಿ ಕೌಶಲ’ ವಾರದೊಳಗೆ ಮರೆತುಹೋಗುತ್ತದೆ.

ಮೊದಲ ಪೀರಿಯಡ್ ಪೂರ್ತಿ ಹುಡುಕುವ ಪದಗಳ ಪಟ್ಟಿಗೆ. ಇಲ್ಲಿ ಒಂದು ಗುಂಡಿ ಇದೆ. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೂ ಹಿಂದಿನ ಗ್ಯಾಸೆಟಿಯರಿನಲ್ಲಿ (ಜಿಲ್ಲಾವಾರು ವಿವರಗಳ ಸರ್ಕಾರಿ ಗ್ರಂಥ) ‘ಮಂಡ್ಯ ಜಿಲ್ಲೆ’ ಹುಡುಕಿದರೆ ಸಿಗುವುದಿಲ್ಲ, ‘ಮೈಸೂರು ಜಿಲ್ಲೆ’ಯ ಕೆಳಗೆ ನೋಡಬೇಕು. ವಿ.ಸಿ. ನಾಲೆಯೂ ಹಳೆಯ ಬರಹಗಳಲ್ಲಿ ‘ಇರ್ವಿನ್ ನಾಲೆ’. ಇದು ಗೊತ್ತಿಲ್ಲದ ಹುಡುಗ ಐದೇ ನಿಮಿಷದಲ್ಲಿ ‘ಪುಸ್ತಕದಲ್ಲಿ ಇಲ್ಲ ಸಾರ್’ ಎಂದು ವಾಪಸ್ ಬರುತ್ತಾನೆ. ಕಪಾಟೂ ಒಂದೇ ಅಲ್ಲ. ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಭತ್ತ 633.18, ಕಬ್ಬು 633.61, ಅಣೆಕಟ್ಟು 627.8, ಕರ್ನಾಟಕದ ಇತಿಹಾಸ 954.87. ಒಂದು ಪ್ರಶ್ನೆಗೆ ಇಷ್ಟು ಕಡೆ ಕೈಹಾಕಬೇಕೆಂದು ತಿಳಿಯುವುದೇ ದೊಡ್ಡ ಕಲಿಕೆ.

ಎರಡನೆಯ ಪೀರಿಯಡ್‌ನಲ್ಲಿ ಟಿಪ್ಪಣಿ. ಮೂರಿಂಚು–ಐದಿಂಚಿನ ಕಾರ್ಡಿನ ಮುಂಭಾಗದಲ್ಲಿ ಲೇಖಕರು, ಪುಸ್ತಕ, ಇಸವಿ, ಪುಟ. ಹಿಂಭಾಗದಲ್ಲಿ ಐದಕ್ಕಿಂತ ಹೆಚ್ಚಿಲ್ಲದ ಅಂಶಗಳು. ಅಂಶ ಬರೆಯುವಾಗ ಪುಸ್ತಕ ಮುಚ್ಚಿರಬೇಕು. ನಕಲು ತಪ್ಪಿಸಲು ಇದಕ್ಕಿಂತ ಸರಳ ಉಪಾಯವಿಲ್ಲ. ಐವತ್ತು ಮಕ್ಕಳಿದ್ದರೆ ಐದೈದು ಮಂದಿಯ ಹತ್ತು ಗುಂಪು, ಐದು ಉಪಪ್ರಶ್ನೆ, ಒಂದೊಂದನ್ನು ಎರಡು ಗುಂಪಿಗೆ. ಎಲ್ಲರಿಗೂ ಒಂದೇ ಪ್ರಶ್ನೆ ಕೊಟ್ಟರೆ ಒಂದೇ ಪುಸ್ತಕಕ್ಕೆ ಜಗ್ಗಾಟ. ಬೇಕಾಗುವ 20–25 ಪುಸ್ತಕಗಳನ್ನು ಹಿಂದಿನ ದಿನವೇ ಬೀರುವಿನಿಂದ ತೆಗೆದು ಮೇಜಿನ ಮೇಲಿಡಬೇಕು. ಇಲ್ಲದಿದ್ದರೆ ಕೀಲಿ ಹುಡುಕುವುದರಲ್ಲೇ ಅರ್ಧ ಪೀರಿಯಡ್ ಕಳೆಯುತ್ತದೆ. ಶಾಲೆಯಲ್ಲಿ ಅಷ್ಟು ಪುಸ್ತಕ ಇಲ್ಲದಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಿಂದ ಎರವಲು ತರಬಹುದು. ಉಪಪ್ರಶ್ನೆಗಳಲ್ಲಿ ಒಂದಕ್ಕಾದರೂ ಊರಿನ ಹಿರಿಯ ರೈತರೇ ಮೂಲವಾಗಲಿ, ಅವರ ಹೆಸರು ಮತ್ತು ಮಾತಾಡಿದ ತಾರೀಖು ಕಾರ್ಡಿನ ಮೇಲೆ ಬರಲಿ.

ಮೂರನೆಯದು ಹೋಲಿಕೆ. ಕೆಆರ್‌ಎಸ್ ಕೆಲಸ ಶುರುವಾದದ್ದು 1911ರಲ್ಲಿ. ಮುಗಿದ ಇಸವಿ ಮಾತ್ರ ಮೂಲದಿಂದ ಮೂಲಕ್ಕೆ ಬೇರೆ. ಯಾವುದು ತಪ್ಪು ಎಂದು ಕೇಳುವ ಮೊದಲು, ‘ಮುಗಿಯಿತು’ ಎಂದು ಪ್ರತಿಯೊಬ್ಬರೂ ಯಾವುದನ್ನು ಹೇಳುತ್ತಿದ್ದಾರೆ ಎಂದು ಮಕ್ಕಳು ಕೇಳಲಿ. ಒಂಬತ್ತನೆಯ ತರಗತಿಯಲ್ಲಿ ಇದೇ ಅಭ್ಯಾಸ ವಾಟ್ಸ್‌ಆ್ಯಪ್‌ಗೆ ತಿರುಗುತ್ತದೆ. ಮಳೆಗಾಲದಲ್ಲಿ ಅಣೆಕಟ್ಟೆಯ ಹಳೆಯ ವಿಡಿಯೊ ಹೊಸದಾಗಿ ಹರಿದಾಡಿದಾಗ, ಅದರ ತಾರೀಖು ಕೇಳಿ, ಆ ದಿನದ ಪತ್ರಿಕೆಯ ಜಲಾಶಯ ಮಟ್ಟದ ಅಂಕಣದ ಪಕ್ಕ ಇಟ್ಟು ನೋಡುವುದು. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ ಎಂದು ತಿಳಿದಿದ್ದು, ಇಂದಿನ ಮಟ್ಟ, ಒಳಹರಿವು, ಹೊರಹರಿವು ಓದಲು ಬಂದರೆ ಅರ್ಧ ವದಂತಿಗಳು ಅಲ್ಲೇ ನಿಲ್ಲುತ್ತವೆ.

ಆರು ಮತ್ತು ಏಳಕ್ಕೆ ಇಷ್ಟು ಭಾರ ಬೇಡ. ಪರಿವಿಡಿ, ಪದಸೂಚಿ, ನಿಘಂಟು, ಪುಸ್ತಕದ ಬೆನ್ನಿನ ಮೇಲಿನ ಸಂಖ್ಯೆ ಸಾಕು.

ಉಳಿದದ್ದು ಅಂಕ. ಅಂಕವಿಲ್ಲದ ಕೆಲಸವನ್ನು ಶಾಲೆ ಹೆಚ್ಚು ದಿನ ಮಾಡುವುದಿಲ್ಲ. ಪ್ರಾಜೆಕ್ಟಿಗೆ ಹತ್ತು ಅಂಕವಿದ್ದರೆ ಪ್ರಶ್ನೆ ಮತ್ತು ಹುಡುಕುಪದಗಳಿಗೆ ಮೂರು, ಕಾರ್ಡುಗಳಿಗೆ ನಾಲ್ಕು, ಕೊನೆಯ ಬರಹಕ್ಕೆ ಮೂರು. ಬಣ್ಣದ ರಟ್ಟಿಗೆ ಸೊನ್ನೆ.